ಥ್ರಾಟಲ್ ಮುಟ್ಟದಿದ್ದರೂ ಎಂಜಿನ್ ಸೊರಗುತ್ತದೆ, ಏನು ಮಾಡಲಿ?

ಪ್ರಶ್ನೆ (ಬಳ್ಳಾರಿಯಿಂದ):
ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಎಂಬ ವಿಮಾನ ಹಾರಿಸುವ ಕಂಪ್ಯೂಟರ್ ಆಟ ಆಡುತ್ತೇನೆ. ಹಳೆಯ ಜಾಯ್‌ಸ್ಟಿಕ್ ಒಂದರಲ್ಲೇ ಸುಖವಾಗಿದ್ದೆ. ಈಗ ಥ್ರಾಟಲ್ (ಎಂಜಿನ್ ಶಕ್ತಿ ಏರಿಳಿಸುವ ಹಿಡಿಕೆ) ಬೇರೆಯಾಗಿ ಕೊಂಡು ಜೋಡಿಸಿದ್ದೇನೆ, ತಲೆನೋವು ಶುರುವಾಗಿದೆ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಿಂದ ಸೆಸ್ನಾ 172 ಎಂಬ ಪುಟ್ಟ ವಿಮಾನ ಏರಿಸಿ ತುಂಗಭದ್ರಾ ಜಲಾಶಯದ ಕಡೆ ಹೊರಟರೆ, ಎಡಕ್ಕೆ ಸಂಡೂರಿನ ಗುಡ್ಡಗಳು ಕಾಣುವಷ್ಟರಲ್ಲಿ ಎಂಜಿನ್ ತಾನಾಗಿಯೇ ಸೊರಗಿಬಿಡುತ್ತದೆ. ಥ್ರಾಟಲನ್ನು ಸ್ವಲ್ಪ ಅಲುಗಿಸಿದರೆ ಮತ್ತೆ ಗರ್ಜಿಸುತ್ತದೆ. ಸಾಲದ್ದಕ್ಕೆ, ಹಿಡಿಕೆಯನ್ನು ಮುಂದಕ್ಕೆ ತಳ್ಳಿದರೆ ಶಕ್ತಿ ತಗ್ಗುತ್ತದೆ. ಡೆಡ್ ಝೋನ್ (ಸಣ್ಣ ಅಲುಗಾಟವನ್ನು ಆಟ ಲೆಕ್ಕಿಸದ ವ್ಯಾಪ್ತಿ) ಹೆಚ್ಚಿಸಿ ನೋಡಿದೆ, ಪ್ರಯೋಜನವಿಲ್ಲ. ಹಿಂದಿರುಗಿಸುವ ಗಡುವು ಮುಗಿಯುತ್ತಾ ಬಂದಿದೆ. ಕೊಟ್ಟುಬಿಡಲೇ?

ಉತ್ತರ (ರಾಯಚೂರಿನಿಂದ):
ತಾಳಿ ಸರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಬೇಡ. ಡೆಡ್ ಝೋನ್ ಇರುವುದು ನಡುವಿಗೆ ಮರಳುವ ಕೋಲಿಗಾಗಿ. ಥ್ರಾಟಲ್‌ಗೆ ಅಂಥ ನಡುವೇ ಇಲ್ಲ.

ಮೊದಲು ದೋಷ ಸಾಧನದ್ದೋ ಆಟದ್ದೋ ತಿಳಿಯಬೇಕು. ಸಿಮ್ಯುಲೇಟರ್ ಮುಚ್ಚಿ. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಜೆ-ಓ-ವೈ, ಚುಕ್ಕೆ, ಸಿ-ಪಿ-ಎಲ್ ಎಂದು ಟೈಪ್ ಮಾಡಿ. ಎರಡೂ ಸಾಧನಗಳು ಪಟ್ಟಿಯಲ್ಲಿ ಬರುತ್ತವೆ. ಒಂದೊಂದರ ಪ್ರಾಪರ್ಟೀಸ್ ತೆರೆದು, ಹಿಡಿಕೆಯನ್ನು ಅರ್ಧಕ್ಕೆ ನಿಲ್ಲಿಸಿ, ಕೈ ತೆಗೆದು, ಸ್ಥಾನ ತೋರಿಸುವ ಗೆರೆಗಳನ್ನೇ ನೋಡುತ್ತಾ ಕುಳಿತುಕೊಳ್ಳಿ. ಜಾಯ್‌ಸ್ಟಿಕ್‌ನ ಬುಡದಲ್ಲಿರುವ ಪುಟ್ಟ ಸ್ಲೈಡರನ್ನು ಮರೆಯಬೇಡಿ. ನನ್ನ ಅನುಮಾನ ಅದರ ಮೇಲೆಯೇ.

ಮತ್ತೆ ಬಳ್ಳಾರಿಯಿಂದ:
ಥ್ರಾಟಲ್‌ನ ಗೆರೆ ಬಂಡೆಯಂತೆ ನಿಂತಿದೆ. ಸ್ಲೈಡರಿನ ಗೆರೆ ಮಾತ್ರ ಮುಟ್ಟದಿದ್ದರೂ ಕೂದಲೆಳೆಯಷ್ಟು ನಡುಗುತ್ತಿದೆ. ಆದರೆ ಮೊದಲು ಅದರಿಂದ ಏನೂ ತೊಂದರೆ ಇರಲಿಲ್ಲವಲ್ಲ?

ರಾಯಚೂರಿನಿಂದ:
ಇರಲಿಲ್ಲ, ಏಕೆಂದರೆ ಆಗ ಅದೊಂದೇ ಇತ್ತು. ಅಷ್ಟು ನಡುಕ ಎಂಜಿನ್‌ನಲ್ಲಿ ಕೇಳಿಸುವುದೇ ಇಲ್ಲ. ಹೊಸ ಸಾಧನ ಜೋಡಿಸಿದಾಗ ಆಟವೇ ಅದಕ್ಕೊಂದು ಸಿದ್ಧ ಪ್ರೊಫೈಲ್ (ಯಾವ ಗುಂಡಿ, ಹಿಡಿಕೆ ಏನು ಮಾಡಬೇಕೆಂಬ ಪಟ್ಟಿ) ಹಚ್ಚುತ್ತದೆ, ಹಳೆಯದರ ಪ್ರೊಫೈಲನ್ನು ಮುಟ್ಟುವುದಿಲ್ಲ. ಹಾಗಾಗಿ ಈಗ ಒಂದು ಎಂಜಿನ್‌ಗೆ ಇಬ್ಬರು ಯಜಮಾನರು. ಕೊನೆಗೆ ಯಾರು ಕದಲಿದರೋ ಅವರ ಮಾತು ನಡೆಯುತ್ತದೆ. ಕೆಳಗಿಳಿಸಿಟ್ಟ ಸ್ಲೈಡರ್ ಒಮ್ಮೆ ನಡುಗಿದರೆ ಸಾಕು, ಎಂಜಿನ್ ಅದರ ಸ್ಥಾನಕ್ಕೆ ಕುಸಿಯುತ್ತದೆ.

ಕಂಟ್ರೋಲ್ಸ್‌ನಲ್ಲಿ ಜಾಯ್‌ಸ್ಟಿಕ್ ಆರಿಸಿ, ಅದರ ಥ್ರಾಟಲ್ ಆಕ್ಸಿಸ್ (ಸ್ಲೈಡರನ್ನು ಎಂಜಿನ್ ಶಕ್ತಿಗೆ ಕಟ್ಟುವ ಜೋಡಣೆ) ಅಳಿಸಿ, ಪ್ರೊಫೈಲನ್ನು ಹೊಸ ಹೆಸರಿನಲ್ಲಿ ಉಳಿಸಿ. ಥ್ರಾಟಲ್ ಸಾಧನದಲ್ಲಿ ಅದೇ ಆಕ್ಸಿಸ್ ಪಕ್ಕದ ಆಯ್ಕೆಯಲ್ಲಿ ‘ರಿವರ್ಸ್’ ಒತ್ತಿದರೆ ಹಿಂದುಮುಂದಾದದ್ದು ಸರಿಹೋಗುತ್ತದೆ. ಹಿಡಿಕೆ ಅರ್ಧ ದಾರಿಯಲ್ಲಷ್ಟೇ ಕೆಲಸ ಮಾಡಿದರೆ, ‘0ಯಿಂದ 100’ ಎಂಬುದನ್ನು ಬಿಟ್ಟು ಬರಿಯ ‘ಥ್ರಾಟಲ್ ಆಕ್ಸಿಸ್’ ಹಚ್ಚಿ.

ಕೊಪ್ಪಳದಿಂದ:
ನಡುಗುವ ಸ್ಲೈಡರಿನೊಳಗೆ ಪೊಟೆನ್ಶಿಯೋಮೀಟರ್, ಅಂದರೆ ಪಟ್ಟಿಯ ಮೇಲೆ ಜಾರುತ್ತಾ ಸ್ಥಾನ ಅಳೆಯುವ ಬಿಡಿಭಾಗ ಇರುತ್ತದೆ. ಹಳೆಯ ರೇಡಿಯೋದ ವಾಲ್ಯೂಮ್ ಕರಕರ ಎನ್ನುವುದಕ್ಕೂ ಅದೇ ಕಾರಣ. ಇಂಗಾಲದ ಪಟ್ಟಿ ಸವೆಯುತ್ತದೆ, ಮೇಲೆ ನಮ್ಮ ಕಡೆಯ ಧೂಳು ಕೂರುತ್ತದೆ. ವಾರಂಟಿ ಮುಗಿದಿದ್ದರೆ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಭಾಗಗಳನ್ನು ಶುಚಿ ಮಾಡುವ ದ್ರವ) ತುಸು ಸಿಂಪಡಿಸಿ, ಸ್ಲೈಡರನ್ನು ಹತ್ತಾರು ಸಲ ಆಚೀಚೆ ಆಡಿಸಿ. ಬಾಗಿಲ ಕೀಲಿಗೆ ಬಿಡುವ ಎಣ್ಣೆ ಹಾಕಿದರೆ ಇನ್ನಷ್ಟು ಧೂಳು ಅಂಟುತ್ತದೆ. ಅಯಸ್ಕಾಂತದಿಂದ ಸ್ಥಾನ ಅಳೆಯುವ ಹಾಲ್ ಸೆನ್ಸರ್ ಇರುವ ಸಾಧನದಲ್ಲಿ ಈ ಉಜ್ಜಾಟವೇ ಇಲ್ಲ, ಅಯಸ್ಕಾಂತ ತಾಗದೆಯೇ ಕೆಲಸ ನಡೆಯುತ್ತದೆ.

ಬಳ್ಳಾರಿಯಿಂದ:
ಸ್ಲೈಡರಿನ ಥ್ರಾಟಲ್ ಅಳಿಸಿದೆ, ಎಂಜಿನ್ ಈಗ ಸೊರಗುವುದಿಲ್ಲ. ಜಲಾಶಯ ಸುತ್ತಿ ಬಂದೆ. ಆದರೆ ಪೂರ್ತಿ ಥ್ರಾಟಲ್ ಕೊಟ್ಟು ರನ್‌ವೇಯಲ್ಲಿ ಓಡುವಾಗ ವಿಮಾನ ಎಡಕ್ಕೆ ಎಳೆಯುತ್ತದೆ. ಇದೂ ಜಾಯ್‌ಸ್ಟಿಕ್‌ನ ನಡುಕವೇ?

ರಾಯಚೂರಿನಿಂದ:
ಅಲ್ಲ ಸರ್, ಅದು ಸೆಸ್ನಾದ ಸ್ವಭಾವ. ಒಂಟಿ ಪ್ರೊಪೆಲ್ಲರ್ ಪೂರ್ಣ ಶಕ್ತಿಯಲ್ಲಿ ತಿರುಗುವಾಗ ಮೂಗು ಎಡಕ್ಕೆ ಹೋಗುತ್ತದೆ, ನಿಜವಾದ ಪೈಲಟ್‌ಗಳೂ ಬಲಗಾಲಿನ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಪೆಡಲ್) ಒತ್ತಿಯೇ ನೇರ ಇಡುತ್ತಾರೆ. ನಿಮ್ಮ ಕೋಲು ತಿರುಚುವಂಥದ್ದಾದರೆ ಬಲಕ್ಕೆ ತುಸು ತಿರುಚಿ. ಸೆಟ್ಟಿಂಗ್ಸ್ ಮುಟ್ಟಬೇಡಿ.