ಸಹಾಯ ಬೇಕು: ಪ್ಯಾನ್‌ಡಾಕ್ ಪಿಡಿಎಫ್‌ನಲ್ಲಿ ಕೋಡ್ ಒಳಗಿನ ಕನ್ನಡ ಬರುತ್ತಿಲ್ಲ

ನಮಸ್ಕಾರ. ತುಮಕೂರಿನ ಕಾಲೇಜು ಮಕ್ಕಳಿಗಾಗಿ ಮಾರ್ಕ್‌ಡೌನ್‌ನಲ್ಲಿ (ಸರಳ ಚಿಹ್ನೆ ಹಾಕಿ ಪಠ್ಯ ಬರೆಯುವ ವಿಧಾನ) ಲಿನಕ್ಸ್ ಕೈಪಿಡಿ ಬರೆಯುತ್ತಿದ್ದೇನೆ. ಫೈಲನ್ನು ಬೇರೆ ಬೇರೆ ರೂಪಕ್ಕೆ ಬದಲಿಸುವ ಪ್ಯಾನ್‌ಡಾಕ್ ತಂತ್ರಾಂಶದಿಂದ ಎಚ್‌ಟಿಎಂಎಲ್, ಇಪಬ್ (ಇ-ಪುಸ್ತಕ) ಚೆನ್ನಾಗಿ ಬರುತ್ತಿವೆ. ಪಿಡಿಎಫ್‌ದೇ ತಲೆನೋವು.

ಪ್ಯಾನ್‌ಡಾಕ್ ಪಿಡಿಎಫ್ ಮಾಡಲು ಬಳಸುವ ಪಿಡಿಎಫ್‌ಲೇಟೆಕ್ ಎಂಜಿನ್‌ನಲ್ಲಿ ಕನ್ನಡ ಬರಲಿಲ್ಲ. ಝೀಲೇಟೆಕ್ ಎಂಬ ಇನ್ನೊಂದು ಎಂಜಿನ್‌ಗೆ ಬದಲಾಯಿಸಿ, ಮೇನ್‌ಫಾಂಟ್‌ಗೆ (ಮುಖ್ಯ ಪಠ್ಯದ ಫಾಂಟ್ ಸೆಟ್ಟಿಂಗ್) ನೋಟೊ ಸೆರಿಫ್ ಕನ್ನಡ ಕೊಟ್ಟೆ. ಅಕ್ಷರ ಬಂತು, ಆದರೆ ಒತ್ತುಗಳು ಒಡೆದು 'ಅಕ್ಕ' ಹೋಗಿ 'ಅಕ್‌ಕ' ಆಯಿತು. ಮೇನ್‌ಫಾಂಟ್‌ಆಪ್ಶನ್ಸ್‌ನಲ್ಲಿ ಸ್ಕ್ರಿಪ್ಟ್ ಕನ್ನಡ ಅಂತ ಹಾಕಿದ ಮೇಲೆ ಸರಿಹೋಯಿತು.

ಈಗ ಉಳಿದಿರುವುದು ಕೋಡ್ ಭಾಗ. ಅಲ್ಲಿನ ಕಮೆಂಟ್‌ಗಳು (ಕೋಡ್ ವಿವರಿಸುವ ಟಿಪ್ಪಣಿಗಳು) ಕನ್ನಡದಲ್ಲಿವೆ. ಹೊಸದಾಗಿ ಕಲಿಯುವವರಿಗೆ ಅವೇ ಮುಖ್ಯ ಅಲ್ವಾ? ಪಿಡಿಎಫ್‌ನಲ್ಲಿ ಆ ಜಾಗ ಪೂರ್ತಿ ಖಾಲಿ. ಟರ್ಮಿನಲ್ ತುಂಬಾ 'ಮಿಸ್ಸಿಂಗ್ ಕ್ಯಾರೆಕ್ಟರ್' (ಫಾಂಟ್‌ನಲ್ಲಿ ಆ ಅಕ್ಷರ ಇಲ್ಲ) ಅನ್ನುವ ಎಚ್ಚರಿಕೆ. ಮೋನೋಫಾಂಟ್‌ಗೂ (ಕೋಡ್‌ಗೆ ಬಳಸುವ, ಎಲ್ಲ ಅಕ್ಷರಕ್ಕೂ ಒಂದೇ ಅಗಲದ ಫಾಂಟ್) ಕನ್ನಡ ಫಾಂಟ್ ಕೊಟ್ಟರೆ ಇಂಗ್ಲಿಷ್ ಕಮಾಂಡ್‌ಗಳ ಸಾಲು ಹೊಂದುವುದಿಲ್ಲ.

ಕೋಡ್ ಒಳಗೆ ಎರಡೂ ಲಿಪಿಗೆ ಬೇರೆ ಬೇರೆ ಫಾಂಟ್ ಕೊಡುವುದು ಹೇಗೆ? ಲುವಾಲೇಟೆಕ್ ಎಂಬ ಮತ್ತೊಂದು ಎಂಜಿನ್‌ನ ಜೊತೆ ಮೋನೋಫಾಂಟ್‌ಫಾಲ್‌ಬ್ಯಾಕ್ (ಕೋಡ್ ಫಾಂಟ್‌ನಲ್ಲಿ ಇಲ್ಲದ ಅಕ್ಷರಕ್ಕೆ ಬದಲಿ ಫಾಂಟ್ ಕೊಡುವ ಸೆಟ್ಟಿಂಗ್) ಅನ್ನು ಕನ್ನಡಕ್ಕೆ ಬಳಸಿದವರಿದ್ದರೆ, ದಯವಿಟ್ಟು ನಿಮ್ಮ ಫೈಲಿನ ಆರಂಭದ ಸೆಟ್ಟಿಂಗ್ ಸಾಲುಗಳನ್ನು ಇಲ್ಲಿ ಹಾಕಿ.