ಅಪ್‌ಡೇಟ್: ಪ್ರಯಾಣದಲ್ಲಿ ಕಾಲುಚೀಲದ ಕುಣಿಕೆ ಜಾರುವುದು ನಿಂತಿತು

ರೈಲಿನಲ್ಲಿ ಕಾಲುಚೀಲ ಹೆಣೆಯುವಾಗ ಸಣ್ಣ ಕಡ್ಡಿಗಳಿಂದ ಕುಣಿಕೆ ಜಾರುತ್ತದೆ ಅಂತ ಕೇಳಿದ್ದೆನಲ್ಲ, ಈಗ ಸರಿಹೋಗಿದೆ. ಕೆಲಸಕ್ಕೆ ಬಂದದ್ದು ಮ್ಯಾಜಿಕ್ ಲೂಪ್ ಅನ್ನೋ ಹೆಣೆಯುವ ವಿಧಾನ. 80 ಸೆಂ.ಮೀ. ಉದ್ದದ ಒಂದೇ ಸರ್ಕ್ಯುಲರ್ ಕಡ್ಡಿ (ಎರಡು ಕಡ್ಡಿಗಳನ್ನು ಬಾಗುವ ಕೇಬಲ್‌ನಿಂದ ಜೋಡಿಸಿದ್ದು) ಸಾಕು. ಕುಣಿಕೆಗಳನ್ನು ಅರ್ಧರ್ಧ ಮಾಡಿ, ಮಧ್ಯದಿಂದ ಕೇಬಲ್ ಎಳೆದು ಹೆಣೆಯಬೇಕು. ನಿಲ್ಲಿಸುವಾಗ ಎಲ್ಲವನ್ನೂ ಕೇಬಲ್ ಮೇಲೆ ಸರಿಸಿಬಿಟ್ಟರೆ ಬ್ಯಾಗ್ ಎಷ್ಟು ಅಲುಗಾಡಿದರೂ ಕುಣಿಕೆ ಬೀಳುವುದಿಲ್ಲ. ಹೇಳಿಕೊಟ್ಟವರಿಗೆ ತುಂಬಾ ಥ್ಯಾಂಕ್ಸ್!

ಸಣ್ಣ ಕಡ್ಡಿಗಳ ತುದಿಗೆ ರಬ್ಬರ್ ಬ್ಯಾಂಡ್ ಸುತ್ತುವ ಉಪಾಯ ಆಗಲಿಲ್ಲ, ನೂಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಬಿದಿರಿನ ಕಡ್ಡಿಯಲ್ಲಿ ಜಾರುವುದು ಕಡಿಮೆಯಾಯಿತು ಅಷ್ಟೇ. ಮನೆಯಲ್ಲಿ ಕೂತು ಸ್ಕಾರ್ಫ್ ಹೆಣೆಯಲು ಮಾತ್ರ ನನಗೆ ಅದೇ ಇಷ್ಟ.

ಇನ್ನೊಂದು ಖುಷಿಯ ವಿಷಯ. ಎರಡು ಉಂಡೆ ನೂಲು ಇಟ್ಟುಕೊಂಡರೆ ಇದೇ ರೀತಿಯಲ್ಲಿ ಜೋಡಿ ಕಾಲುಚೀಲವನ್ನೂ ಒಟ್ಟಿಗೆ ಹೆಣೆಯಬಹುದು! ಅದಕ್ಕೆ 100 ಸೆಂ.ಮೀ. ಕಡ್ಡಿ ಇದ್ದರೆ ಸಲೀಸು. ಎರಡೂ ಒಂದೇ ಅಳತೆಗೆ ಬರುತ್ತವೆ.