ಅಪ್ಪನಿಗೆ ಮತ್ತೆ ಆಕಾಶವಾಣಿ ಕೇಳಿಸಬೇಕು, ಹೇಗೆ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಧಾರವಾಡದ ಕಡೆಯವರು. ಈಗ ಬೆಂಗಳೂರಿನಲ್ಲಿ ನಮ್ಮ ಜೊತೆ ಇದ್ದಾರೆ. ಕಣ್ಣು ಮಂಜಾಗಿ ಪೇಪರ್ ಓದುವುದು ನಿಂತಿದೆ, ಟಿವಿ ಬೇಡ ಅಂತಾರೆ. ಮೊದಲು ದಿನವಿಡೀ ಆಕಾಶವಾಣಿ ಹಾಕಿಕೊಂಡೇ ಇರುತ್ತಿದ್ದರು. ಒಂದು ಸಣ್ಣ ಡಿಜಿಟಲ್ ರೇಡಿಯೋ ತಂದುಕೊಟ್ಟೆ. ಎಫ್‌ಎಂ ಚೆನ್ನಾಗಿ ಬರುತ್ತದೆ, ಆಕಾಶವಾಣಿಯ ಹಳೇ ಕೇಂದ್ರಗಳು ಬರುವ ಮೀಡಿಯಂ ವೇವ್ (ಎಎಂ) ಬರೀ ಕರಕರ. ಮೊಬೈಲ್ ಅವರ ಕೈಗೆ ಒಗ್ಗುವುದಿಲ್ಲ. ಅವರಿಗೆ ಧಾರವಾಡ ಸ್ಟೇಷನ್ನೇ ಬೇಕಂತೆ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ: ನಮ್ಮ ಮನೆಯಲ್ಲೂ ಅತ್ತೆಯವರಿಗೆ ಇದೇ ಏರ್ಪಾಟು ಮಾಡಿದ್ದೇವೆ. ಮೊದಲು ಬೆಂಗಳೂರು ಕೇಂದ್ರ ಸರಿಯಾಗಿ ಬರುವ ಹಾಗೆ ಮಾಡಿಕೊಳ್ಳಿ, ಧಾರವಾಡದ ವಿಷಯ ಆಮೇಲೆ ನೋಡೋಣ. ಬೆಂಗಳೂರು ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಸ್.

ಕರಕರ ಅನ್ನುವುದು ಮುಕ್ಕಾಲು ಪಾಲು ಮನೆಯೊಳಗಿನಿಂದಲೇ ಬರುತ್ತದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್, ಇವೆಲ್ಲ ಮೀಡಿಯಂ ವೇವ್‌ಗೆ ತೊಂದರೆ ಕೊಡುತ್ತವೆ. ರೇಡಿಯೋಗೆ ಸೆಲ್ ಹಾಕಿ, ಯುಪಿಎಸ್ಸನ್ನೂ ಮೇನ್ ಸ್ವಿಚ್ಚನ್ನೂ ಒಂದು ನಿಮಿಷ ಆಫ್ ಮಾಡಿ ನೋಡಿ. ಸದ್ದು ನಿಂತರೆ ಕಾರಣ ನಿಮ್ಮ ಮನೆಯಲ್ಲೇ ಇದೆ. ಆಮೇಲೆ ಒಂದೊಂದೇ ಹಾಕುತ್ತಾ ಬಂದರೆ ಯಾವುದು ಅಂತ ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಮಂಚದ ಪಕ್ಕ ಇದ್ದ ಚಾರ್ಜರ್ ತೆಗೆದಿದ್ದೇ ತಡ, ವಾರ್ತೆ ಸ್ಪಷ್ಟವಾಗಿ ಕೇಳಿಸಿತು.

ಇನ್ನೊಂದು, ಏರಿಯಲ್ ಕಡ್ಡಿ ಎಳೆದು ಸುಮ್ನೆ ಕಷ್ಟಪಡಬೇಡಿ. ಅದು ಎಫ್‌ಎಂಗೆ. ಮೀಡಿಯಂ ವೇವ್‌ಗೆ ಸೆಟ್ಟಿನ ಒಳಗೆ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿಯೇ ಏರಿಯಲ್, ಅದು ಯಾವ ದಿಕ್ಕಿಗಿದೆ ಅನ್ನುವುದರ ಮೇಲೆ ಧ್ವನಿ ಬದಲಾಗುತ್ತದೆ. ಹಾಗಾಗಿ ಇಡೀ ಸೆಟ್ಟನ್ನೇ ನಿಧಾನಕ್ಕೆ ತಿರುಗಿಸಬೇಕು. ಒಂದು ದಿಕ್ಕಿಗೆ ಇಟ್ಟಾಗ ಧ್ವನಿ ಚೆನ್ನಾಗಿ ಬರುತ್ತದೆ, ಅಲ್ಲೇ ಬಿಡಿ. ಕಿಟಕಿ ಹತ್ತಿರ ಇಟ್ಟರೆ ಇನ್ನೂ ಒಳ್ಳೆಯದು. ಕಾಂಕ್ರೀಟ್ ಕಟ್ಟಡದ ಒಳಕೋಣೆಗೆ ಸಿಗ್ನಲ್ ಕಷ್ಟಪಟ್ಟೇ ಬರುವುದು.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಆದರೆ ನಮ್ಮ ಸೆಟ್ಟಿನಲ್ಲಿ 612 ಅನ್ನುವ ನಂಬರೇ ಬರುವುದಿಲ್ಲ. 610 ಆದಮೇಲೆ ನೇರ 620.

ಉತ್ತರ: ಹಾಗಾದರೆ ಸೆಟ್ಟು ಅಮೆರಿಕದ ಲೆಕ್ಕದಲ್ಲಿದೆ. ಅಲ್ಲಿ ಸ್ಟೇಷನ್‌ಗಳ ನಡುವೆ 10 ಕಿಲೋಹರ್ಟ್ಸ್ ಅಂತರ, ನಮ್ಮಲ್ಲಿ 9. ಕೆಲವು ಸೆಟ್ಟುಗಳಲ್ಲಿ ಇದನ್ನು ಬದಲಾಯಿಸಬಹುದು, ಜೊತೆಗೆ ಕೊಟ್ಟ ಚೀಟಿಯಲ್ಲಿ 9ಕೆ, 10ಕೆ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ವಾಪಸ್ ಕೊಟ್ಟು, ಮುಳ್ಳು ಓಡುವ ಹಳೇ ತರಹದ ಸೆಟ್ಟು ತನ್ನಿ. ಕಣ್ಣು ಕಾಣದವರಿಗೆ ಅದೇ ಸರಿ. ದೊಡ್ಡ ತಿರುಗಣೆ ಎರಡೇ ಇರಲಿ, ಒಂದು ವಾಲ್ಯೂಮಿಗೆ, ಒಂದು ಸ್ಟೇಷನ್ನಿಗೆ. 612 ಬರುವ ಜಾಗದಲ್ಲಿ ತಿರುಗಣೆ ಮೇಲೆ ಒಂದು ಹನಿ ನೇಲ್ ಪಾಲಿಶ್ ಹಾಕಿ ಒಣಗಲು ಬಿಡಿ. ಬೆರಳಿಗೆ ಗಂಟು ಸಿಗುತ್ತದೆ. ಅತ್ತೆಯವರು ಈಗ ಯಾರನ್ನೂ ಕರೆಯದೆ ತಾವೇ ಹಾಕಿಕೊಳ್ಳುತ್ತಾರೆ. ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟಿದ್ದು ಅದು.

ಅಂಗಡಿಯಲ್ಲಿ ಒಂದು ಮಾತು ಕೇಳಿಯೇ ತಗೊಳ್ಳಿ: ಮೀಡಿಯಂ ವೇವ್ ಇದೆಯಾ? ಬ್ಲೂಟೂತ್, ಪೆನ್‌ಡ್ರೈವ್ ಎಲ್ಲ ಇರುವ ಎಷ್ಟೋ ಸೆಟ್ಟುಗಳಲ್ಲಿ ಬರೀ ಎಫ್‌ಎಂ ಇರುತ್ತದೆ. ಎಫ್‌ಎಂನಲ್ಲಿ ಆಕಾಶವಾಣಿಯದೇ ವಿವಿಧ ಭಾರತಿ 102.9, ರೇನ್‌ಬೋ 101.3 ಸಿಗುತ್ತವೆ. ಹಳೇ ಹಾಡಿಗೆ ವಿವಿಧ ಭಾರತಿ ಧಾರಾಳ ಸಾಕು. ಆದರೆ ಕೃಷಿರಂಗ, ನಾಟಕ, ಭಾಷಣ ಕೇಳಿ ಬೆಳೆದವರಿಗೆ ಮೀಡಿಯಂ ವೇವ್‌ನಲ್ಲಿ ಬರುವ ಪ್ರಧಾನ ಕೇಂದ್ರವೇ ಬೇಕಾಗುತ್ತದೆ ಅಲ್ವಾ?

ಇನ್ನೊಬ್ಬರು: ಧಾರವಾಡದ ಬಗ್ಗೆ ನಾನು ಹೇಳುತ್ತೇನೆ. ಅದು 765 ಕಿಲೋಹರ್ಟ್ಸ್. ಹಗಲಲ್ಲಿ ಬೆಂಗಳೂರಿಗೆ ಕೇಳುವ ಹಾಗೆ ಬರುವುದಿಲ್ಲ. ಹೊತ್ತು ಮುಳುಗಿದ ಮೇಲೆ ಮೀಡಿಯಂ ವೇವ್ ದೂರ ಹೋಗುತ್ತದೆ, ಆಗ ಅಲೆಅಲೆಯಾಗಿ ಕೇಳಿಸಬಹುದು. ಹಿರಿಯರಿಗೆ ಅದು ಸಾಲದು. ಅದಕ್ಕೆ ಇಂಟರ್ನೆಟ್‌ನಲ್ಲಿ ಆಕಾಶವಾಣಿ ಕೇಳಿಸುವ ನ್ಯೂಸ್ ಆನ್ ಏರ್ ಆ್ಯಪ್ ಒಳ್ಳೆಯ ದಾರಿ. ಧಾರವಾಡ, ಕಲಬುರಗಿ, ಭದ್ರಾವತಿ, ಮೈಸೂರು, ಎಲ್ಲ ಅದರಲ್ಲಿವೆ.

ಅಪ್ಪ ಮೊಬೈಲ್ ಮುಟ್ಟಲೇಬೇಕಿಲ್ಲ. ಮನೆಯಲ್ಲಿ ಬಿದ್ದಿರುವ ಹಳೇ ಮೊಬೈಲ್‌ಗೆ ವೈಫೈ ಕೊಟ್ಟು ಧಾರವಾಡ ಹಾಕಿ ಬಿಡಿ, ಸ್ಪೀಕರ್‌ಗೆ ಜೋಡಿಸಿ. ಅವರು ಸ್ಪೀಕರ್‌ನ ವಾಲ್ಯೂಮ್ ಒಂದನ್ನು ತಿರುಗಿಸಿದರೆ ಆಯಿತು. ಸ್ಪೀಕರ್‌ಗೆ ತಂತಿ ಹಾಕಿದರೆ ಒಳ್ಳೆಯದು, ಬ್ಲೂಟೂತ್ ನಡುನಡುವೆ ಬಿಟ್ಟುಹೋಗುತ್ತದೆ. ಮೊಬೈಲ್‌ನ ಬ್ಯಾಟರಿ ಸೇವರ್ ಆಫ್ ಮಾಡಿ. ಇಲ್ಲದಿದ್ದರೆ ಸ್ಕ್ರೀನ್ ಆರಿದ ಮೇಲೆ ಆ್ಯಪ್ ತಾನಾಗಿ ನಿಂತುಹೋಗಬಹುದು. ಆ್ಯಪ್‌ನಲ್ಲಿ ಧ್ವನಿ ಸ್ವಲ್ಪ ತಡವಾಗಿ ಬರುತ್ತದೆ. ರೇಡಿಯೋ ಕೇಳಿ ಗಡಿಯಾರ ಹೊಂದಿಸಿಕೊಳ್ಳುವ ಅಭ್ಯಾಸ ಇರುವವರಿಗೆ ಮೊದಲೇ ಹೇಳಿಬಿಡಿ.

ಬೆಳಿಗ್ಗೆ 7.05ರ ಪ್ರದೇಶ ಸಮಾಚಾರವನ್ನು ರೇಡಿಯೋದಲ್ಲೇ ಕೇಳಲಿ, ಹಗಲೆಲ್ಲ ಧಾರವಾಡ ಸ್ಪೀಕರ್‌ನಲ್ಲಿ ಇರಲಿ. ಎರಡೂ ಬೇಕು. ಕರೆಂಟ್, ವೈಫೈ ಎರಡೂ ಹೋದ ಹೊತ್ತಿನಲ್ಲಿ ಸೆಲ್ ಹಾಕಿದ ಸೆಟ್ಟು ನಡೆಯುತ್ತಲೇ ಇರುತ್ತದೆ.

ಮತ್ತೊಬ್ಬರು: ನಿಮ್ಮ ಅಪ್ಪನವರಿಗೆ ಹಿಂದೂಸ್ತಾನಿ ಸಂಗೀತ ಇಷ್ಟವೇ? ಧಾರವಾಡದವರು ಅಂದರಲ್ಲ, ಅದಕ್ಕೆ ಕೇಳಿದೆ. ಆ ಕೇಂದ್ರ 1950ರಲ್ಲಿ ಶುರುವಾಗಿದ್ದು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಅದೇ ಆ್ಯಪ್‌ನಲ್ಲಿ ರಾಗಂ ಅಂತ ಒಂದು ಚಾನೆಲ್ ಇದೆ, 2016ರಿಂದ ನಡೆಯುತ್ತಿದೆ. ಇಡೀ ದಿನ ಶಾಸ್ತ್ರೀಯ ಸಂಗೀತ, ಹಿಂದೂಸ್ತಾನಿಯೂ ಕರ್ನಾಟಕಿಯೂ. ಹಳೇ ಧ್ವನಿಮುದ್ರಿಕೆ ಬೇಕಿದ್ದರೆ ಯೂಟ್ಯೂಬ್‌ನಲ್ಲಿ ಪ್ರಸಾರ ಭಾರತಿ ಆರ್ಕೈವ್ಸ್ ಹುಡುಕಿ. ರಾತ್ರಿ ನಿದ್ದೆ ಬಾರದವರಿಗೆ ರಾಗಂ ಬಹಳ ಒಳ್ಳೆಯ ಜೊತೆ. ನಮ್ಮ ತಂದೆಯವರಿಗೆ ಅದನ್ನೇ ಸಣ್ಣ ದನಿಯಲ್ಲಿ ಹಾಕಿಡುತ್ತೇವೆ.

ಪ್ರಶ್ನೆ ಕೇಳಿದವರು: ಭೀಮಸೇನ ಜೋಶಿ ಅಂದರೆ ಅಪ್ಪ ಊಟ ಬಿಟ್ಟು ಕೂರುತ್ತಾರೆ! ಹಳೇ ಮೊಬೈಲ್ ಇದೆ, ಇವತ್ತೇ ಆ್ಯಪ್ ಹಾಕುತ್ತೇನೆ. ಈ ಸೆಟ್ಟು ನಾಳೆ ವಾಪಸ್ ಕೊಟ್ಟು ತಿರುಗಣೆ ಇರುವುದು ತರುತ್ತೇನೆ.